ಕೃಪಾವಧಿ

ಪುಟಕ್ಕೆ ನೂರಿಪ್ಪತ್ತು ರೂಪಾಯಿಯಂತೆ
ಎಂಬತ್ತನಾಲ್ಕು ಪುಟ ನನ್ನ ಮೇಜಿಗೆ ಬಂತು,
ಕಾಸರಗೋಡಿನ ಕಚೇರಿಯ ಹಿಂದಿನ ಕೋಣೆಗೆ.
"ಭಾಷಾ ಅಲ್ಪಸಂಖ್ಯಾತರಿಗೂ ತಿಳಿಯಬೇಕಲ್ಲ ಟೀಚರ್,
ಸೋಮವಾರದೊಳಗೆ ಕನ್ನಡ ಆಗಬೇಕು" ಎಂದ ಕುಞಂಬು.
ಮಲಯಾಳದ ಪ್ರತಿ ಆಗಲೇ ಅಚ್ಚಾಗಿತ್ತು.

ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ.
ಮೂವತ್ತು ವರ್ಷ ತೀರಿಸಬೇಕು, ಅದಕ್ಕೂ ಮೊದಲು
ಹತ್ತು ವರ್ಷ ಏನೂ ಕೊಡಬೇಕಾಗಿಲ್ಲ.
ಇದಕ್ಕೆ ಬ್ಯಾಂಕಿನವರ ಹೆಸರು ಗ್ರೇಸ್.
ನಿಘಂಟು ಕೃಪೆ ಎಂದಿತು, ಅನುಗ್ರಹ ಎಂದಿತು,
ಊಟದ ಮುಂಚಿನ ಪ್ರಾರ್ಥನೆ ಎಂದೂ ಎಂದಿತು.
ಕೃಪಾವಧಿ ಎಂದು ಬರೆದೆ.
ದೇವರಿಗೇ ಗಡುವು ಹಾಕಿದ ಹಾಗಾಯಿತು.

ಯೋಜನಾಬಾಧಿತರು: ಇನ್ನೂರ ಹದಿನಾರು ಮನೆ.
ಪಂಪುಹೌಸಿನ ಐತಪ್ಪ ಓದಿಸಿಕೊಂಡು ಕೇಳಿದ:
"ಬಾಧೆ ಅಂತ ಬರೆದಿದ್ದೀರಿ. ಯಾವುದರ ಬಾಧೆ?
ಬಿಡಿಸುವವರು ಉಂಟಾ?"
ಹುಡುಕಿದೆ. ಉಂಟು, ಅನುಬಂಧ ಮೂರರಲ್ಲಿ.
ತೆಂಗಿಗೆ ಇಷ್ಟು, ಗೇರಿಗೆ ಇಷ್ಟು, ಬಾವಿಗೆ ಆಳ ನೋಡಿ.
ಅವನ ಅಜ್ಜನ ಕಾಲದ ಕಟ್ಟಕ್ಕೆ ಮಾತ್ರ ಕಾಲಂ ಇಲ್ಲ.
ಮಳೆ ಹಿಂದೆ ಹೋದ ಮೇಲೆ ಕಲ್ಲು, ಸೊಪ್ಪು, ಕೆಸರು ಹೇರಿ
ಹೊಳೆಗೆ ಅಡ್ಡ ಹಾಕುವುದು,
ಮುಂದಿನ ಮಳೆ ಬಂದು ಕೇಳಿದರೆ ಕೊಟ್ಟುಬಿಡುವುದು.
ಮನೆಗೊಂದು ಆಳು. ಈ ವರ್ಷ ತಪ್ಪಿದವರು
ಬರುವ ವರ್ಷ ಎರಡು.
"ಬಡ್ಡಿ ಇತ್ತಾ?" ಎಂದೆ.
"ಇತ್ತು, ಮೂರು ದಿನ ಸೊಂಟನೋವು."

ಕನ್ನಡ ಬಡವಿಯೇನಲ್ಲ, ಆದರೂ ಇಲ್ಲಿ
ಒಂದೇ ಕ್ರಿಯಾಪದದಲ್ಲಿ ಸಂಸಾರ ತೂಗಿಸುತ್ತದೆ:
ಅಣೆ ಅವರು ಕಟ್ಟುತ್ತಾರೆ, ಕಂತು ನಾವು ಕಟ್ಟುತ್ತೇವೆ,
ಬಿಲ್ಲು ಕಟ್ಟದಿದ್ದರೆ ನಳ್ಳಿ ಕಟ್.

ಸಾಲ ಯೆನ್ನಿನಲ್ಲಿ. ನಮಗಿಂತ ಮೂರೂವರೆ ಗಂಟೆ
ಮೊದಲೇ ನಡೆಯುವ ಗಡಿಯಾರದ ನಾಣ್ಯ.
ರೂಪಾಯಿ ಇಳಿದರೆ ಅಣೆಕಟ್ಟು ಬರಿದಾಗಿದ್ದರೂ
ಸಾಲ ತುಂಬಿ ಹರಿಯುತ್ತದೆ
(ಇದು ದಸ್ತಾವೇಜಿನಲ್ಲಿಲ್ಲ, ನಾನು ಸೇರಿಸಿ ಅಳಿಸಿದ್ದು).
ಕಿಟಕಿಯಾಚೆ ಹೊತ್ತು ಕಂತುತ್ತಿತ್ತು.
ಕಂತು, ಎಂದು ಬರೆದೆ, ವರ್ಷಕ್ಕೆ ಎರಡು.
ಅಕ್ಕನ ಮೊಮ್ಮಗಳು ಧನ್ವಿತಾಗೆ ಈಗ ಆರು.
ಕೊನೆಯ ಕಂತಿನ ದಿನ ನಲವತ್ತಾರು.
ಕನ್ನಡ ಉಳಿದಿರುತ್ತದೋ ಇಲ್ಲವೋ,
ಕನ್ನಡಕ ಬಂದಿರುತ್ತದೆ.

ಅಹವಾಲು ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವಳು
ತಳಂಗರೆಯ ಬೀಫಾತಿಮ.
"ಮಾರ್ಚಿಯಿಂದ ಗಂಜಿಗೆ ಉಪ್ಪು ಹಾಕಿಲ್ಲ ನಾನು.
ನಳ್ಳಿಯಲ್ಲೇ ಬರುತ್ತದೆ.
ಕಡಲು ಹೊಳೆಗೆ ಹತ್ತಿ, ಹೊಳೆ ಪೈಪಿಗೆ ಹತ್ತಿ
ಕೂಸಿನ ಬಾಟ್ಲಿಗೂ ಬಂತು.
ಉಪ್ಪಿನ ಋಣ ದೊಡ್ಡದು ಅಂತೀರಿ,
ಕಡಲಿನ ಹತ್ತಿರ ನಮಗೆ ಅದಾಗಲೇ ಉಂಟು.
ಇನ್ನೊಂದು ಸಾಲ ಆದರೆ ಆಗಲಿ. ಕಟ್ಟಿ. ಬೇಗ ಕಟ್ಟಿ."
ಅವಳದು ಮಲಯಾಳ. ಕನ್ನಡ ನನ್ನದು.
ಎರಡು ಕುರ್ಚಿ ಆಚೆ ಐತಪ್ಪ
ತನ್ನ ಚಪ್ಪಲಿಯ ಉಂಗುಷ್ಠವನ್ನು ನೋಡುತ್ತಿದ್ದ.
ಅವನ ಮನೆ ಮುಳುಗಿದರೆ ಅವಳ ಗಂಜಿ ಸಪ್ಪೆಯಾಗುತ್ತದೆ.
ಇದಕ್ಕೊಂದು ಪಾರಿಭಾಷಿಕ ಪದ ಇದ್ದೀತು,
ನನಗೆ ಸಿಗಲಿಲ್ಲ.

ಅಚ್ಚಾಗಿ ಬಂದ ಮೇಲೆ ಕಂಡೆ ನನ್ನ ತಪ್ಪು:
ಪುಟ ನಲವತ್ತೊಂದು, ಎಂಟುನೂರು ಕೋಟಿ ಇರಬೇಕಾದಲ್ಲಿ
ಎಂಟುನೀರು ಕೋಟಿ.
ಯಾರೂ ಕೇಳಲಿಲ್ಲ. ಓದಿದವರು ಐದಾರು ಮಂದಿ ಇರಬಹುದು.
ನನ್ನ ಹತ್ತು ಸಾವಿರದ ಎಂಬತ್ತು ರೂಪಾಯಿ
ಇನ್ನೂ ಮಂಜೂರಾಗಿಲ್ಲ.

ಮೊನ್ನೆ ಪಂಪುಹೌಸಿನ ದಾರಿಯಲ್ಲಿ ಬಂದೆ.
ಐತಪ್ಪ ಮೀಟರು ನೋಡುವ ಮೊದಲು ಬೊಗಸೆ ಒಡ್ಡಿ
ನಾಲಗೆಗೆ ಮುಟ್ಟಿಸಿ, ಉಗಿದು,
ರಿಜಿಸ್ಟರಿನಲ್ಲಿ ಅಂಕಿ ಬರೆದ.
ಆಮೇಲೆ ಮೀಟರು ಹೇಳಿದ್ದೂ ಹೆಚ್ಚುಕಡಿಮೆ ಅದೇ.
"ನಾಳೆಗೆ ಇನ್ನಷ್ಟು ಏರುತ್ತದೆ, ಹುಣ್ಣಿಮೆ ಅಲ್ವಾ"
ಎಂದು ವಾಲ್ವು ತಿರುಗಿಸಿದ,
ತಳಂಗರೆಯ ಕಡೆಗೆ.